ಲಂಡನ್‌ನಿಂದ ಟೋಕಿಯೊ: ಹಾರಾಟದ ಹೊತ್ತನ್ನು ನಾನೇ ಲೆಕ್ಕ ಹಾಕಿದ್ದು

ದೂರದ ಊರಿಗೆ ಟಿಕೆಟ್ ಮಾಡಿಸುವ ಮೊದಲು ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕು ಅಂತ ನಾನೇ ಲೆಕ್ಕ ಹಾಕುತ್ತೇನೆ. ಲಂಡನ್‌ನಿಂದ ಟೋಕಿಯೊಗೆ ಹೊರಟಾಗಲೂ ಹಾಗೇ ಮಾಡಿದೆ.

ಗೋಡೆ ನಕ್ಷೆ ಈ ಕೆಲಸಕ್ಕೆ ಬರುವುದಿಲ್ಲ. ಅದರ ಮೇಲೆ ನೇರ ಗೆರೆ ಎಳೆದರೆ ಕಜಕಸ್ತಾನ, ಚೀನಾ ಮೇಲೆ ಹೋಗುತ್ತದೆ. ಭೂಮಿ ದುಂಡಗಿದೆ ಅಲ್ವಾ, ಹಾಗಾಗಿ ಹತ್ತಿರದ ದಾರಿ ಬೇರೆಯೇ. 30 ಸೆಂ.ಮೀ. ಅಡ್ಡಳತೆಯ ಗ್ಲೋಬ್ ತೆಗೆದುಕೊಂಡು, ಹೊಲಿಗೆ ದಾರದ ಒಂದು ತುದಿಯನ್ನು ಲಂಡನ್ ಮೇಲೆ, ಇನ್ನೊಂದನ್ನು ಟೋಕಿಯೊ ಮೇಲೆ ಒತ್ತಿ ಹಿಡಿದು ಬಿಗಿ ಮಾಡಿದೆ. ದಾರ ತಾನಾಗಿಯೇ ಉತ್ತರಕ್ಕೆ ಜಾರಿತು. ಸ್ಕ್ಯಾಂಡಿನೇವಿಯಾ ದಾಟಿ, ಸೈಬೀರಿಯಾ ಮೇಲೆ ಹಾದು ಜಪಾನಿಗೆ ಇಳಿಯಿತು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಈ ಗ್ಲೋಬಿನದು 94 ಸೆಂ.ಮೀ. ಅಂದರೆ 1 ಸೆಂ.ಮೀ.ಗೆ ಸುಮಾರು 425 ಕಿ.ಮೀ. ದಾರದ ಉದ್ದ 22.5 ಸೆಂ.ಮೀ. ಬಂತು. ಗುಣಿಸಿದರೆ ಸುಮಾರು 9,560 ಕಿ.ಮೀ. ಸೂತ್ರ ಹಾಕಿ ನೋಡಿದರೂ 9,600ರ ಆಸುಪಾಸು ಬರುತ್ತದೆ. ಬರೀ ದಾರದಿಂದ ಇಷ್ಟು ಸಿಕ್ಕಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ದೊಡ್ಡ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಭಾಗಿಸಿದರೆ 10 ಗಂಟೆ 40 ನಿಮಿಷ. ಏರುವುದು, ಇಳಿಯುವುದು, ರನ್‌ವೇವರೆಗೆ ಸಾಗುವುದು ಅಂತ ಅರ್ಧ ಗಂಟೆ ಸೇರಿಸಿದರೆ 11 ಗಂಟೆ ದಾಟುತ್ತದೆ.

ಟಿಕೆಟ್‌ನಲ್ಲಿ ಮಾತ್ರ 14 ಗಂಟೆ ಹತ್ತಿರ ಇತ್ತು. ಇಷ್ಟು ಜಾಸ್ತಿ ಯಾಕೆ ಅಂದರೆ, ದಾರ ಹೋದ ದಾರಿಯಲ್ಲಿ ಈಗ ಈ ವಿಮಾನಗಳು ಹೋಗುವುದಿಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾ ತನ್ನ ಆಕಾಶವನ್ನು ಬ್ರಿಟನ್ನಿನ ವಿಮಾನಗಳಿಗೆ ಮುಚ್ಚಿತು. ಜಪಾನಿನ ಕಂಪನಿಗಳೂ ಆ ದಾರಿ ಬಿಟ್ಟವು. ಇದು ಹೊಸದೇನಲ್ಲ. ಸೋವಿಯತ್ ಕಾಲದಲ್ಲೂ ಯುರೋಪಿನಿಂದ ಜಪಾನಿಗೆ ಹೋಗುವ ಎಷ್ಟೋ ವಿಮಾನಗಳು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗುತ್ತಿದ್ದವು.

ಈಗ ಲಂಡನ್‌ನಿಂದ ಹೊರಟ ವಿಮಾನ ಕಪ್ಪು ಸಮುದ್ರ, ಮಧ್ಯ ಏಷ್ಯಾ ಬಳಸಿ ಪೂರ್ವಕ್ಕೆ ಹೋಗುತ್ತದೆ. ವಾಪಸ್ ಬರುವಾಗ ಎಷ್ಟೋ ಸಲ ಟೋಕಿಯೊದಿಂದ ಮತ್ತೆ ಪೂರ್ವಕ್ಕೇ ಹೊರಟು ಅಲಾಸ್ಕಾ, ಗ್ರೀನ್‌ಲ್ಯಾಂಡ್ ಮೇಲೆ ಬರುತ್ತದೆ. ಹೋಗಿ ಬಂದರೆ ಭೂಮಿಗೆ ಒಂದು ಸುತ್ತು ಹಾಕಿದ ಹಾಗೆ! ಇದು ಗೊತ್ತಾದ ದಿನ ಗ್ಲೋಬ್ ಮುಂದಿನಿಂದ ಏಳಲು ಮನಸ್ಸೇ ಬರಲಿಲ್ಲ. ಇದಕ್ಕೆ ಗಾಳಿಯೂ ಒಂದು ಕಾರಣ. ವಿಮಾನ ಹಾರುವ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಪೂರ್ವಕ್ಕೆ ಹೊರಟವರಿಗೆ ಅದು ಬೆನ್ನ ಹಿಂದಿನ ಗಾಳಿ. 2020ರ ಫೆಬ್ರವರಿಯಲ್ಲಿ ಇಂಥದೇ ಗಾಳಿ ಹಿಡಿದು ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೇ ಬಂದು ಇಳಿದಿತ್ತು.

ಕೊನೆಗೆ ಗಡಿಯಾರದ ಲೆಕ್ಕ. ಚಳಿಗಾಲದಲ್ಲಿ ಟೋಕಿಯೊ ಲಂಡನ್‌ಗಿಂತ 9 ಗಂಟೆ ಮುಂದೆ, ಬೇಸಿಗೆಯಲ್ಲಿ 8. ಚಳಿಗಾಲದಲ್ಲಿ ಬೆಳಿಗ್ಗೆ 10ಕ್ಕೆ ಹೊರಟರೆ 14 ಗಂಟೆ ಹಾರಾಟ, ಮೇಲೆ 9 ಸೇರಿಸಿ. ಇಳಿಯುವುದು ಮರುದಿನ ಬೆಳಿಗ್ಗೆ 9ಕ್ಕೆ. ಹೋಟೆಲ್ ಬುಕ್ ಮಾಡುವಾಗ ನಾನು ಆ ತಾರೀಕನ್ನೇ ಹಾಕಿದೆ.