ಇಂಗ್ಲೆಂಡಿನ ವಾರ್ಡಿಗೆ ಬರುವ ನಮ್ಮ ನರ್ಸ್‌ಗಳಿಗೆ: ಸಣ್ಣ ಇಂಗ್ಲಿಷ್ ಮಾತುಗಳನ್ನು ಕೇಳಿಸಿಕೊಳ್ಳುವುದು ಹೇಗೆ

ಓಇಟಿ ಇಲ್ಲವೇ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಪಾಸಾಗಿ ಇಲ್ಲಿಗೆ ಬರುವ ನಮ್ಮ ಹುಡುಗೀರಿಗೆ, ಹುಡುಗರಿಗೆ ದೊಡ್ಡ ಪದಗಳು ತೊಂದರೆ ಕೊಡುವುದಿಲ್ಲ. ನೆಬ್ಯುಲೈಸರ್, ಕ್ಯಾತಿಟರ್, ಸ್ಯಾಚುರೇಷನ್ ಎಲ್ಲ ಊರಲ್ಲೇ ಬಾಯಿಗೆ ಹತ್ತಿರುತ್ತವೆ. ಕಾಡುವುದು 'ಎ ಬಿಟ್', 'ಕ್ವೈಟ್', 'ಜಸ್ಟ್', 'ಸಾರಿ' ಅನ್ನುವಂಥ ಚಿಲ್ಲರೆ ಮಾತುಗಳು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಹೊಸಬರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ. ಅವರಿಗೆ ಮೊದಲ ವಾರದಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಮಾತುಗಳನ್ನು ಪಕ್ಕಕ್ಕಿಟ್ಟು ಮಿಕ್ಕಿದ್ದು ಕೇಳಿಸಿಕೊಂಡರೆ ಸಾಕು ಅಂದುಕೊಳ್ಳಬೇಡಿ. ರೋಗಿ ಹೇಗಿದ್ದಾರೆ ಅನ್ನುವುದು ಎಷ್ಟೋ ಸಲ ಇವುಗಳಲ್ಲೇ ಇರುತ್ತದೆ.

ಬೆಳಿಗ್ಗೆ ಡ್ಯೂಟಿಗೆ ಹೋದ ತಕ್ಷಣ ಎದುರಾದವರು 'ಯೂ ಆಲ್ರೈಟ್?' ಅನ್ನುತ್ತಾರೆ. ನಿಮ್ಮ ಮುಖ ಬಾಡಿದೆ ಅಂತ ಅಲ್ಲ. ನಮ್ಮಲ್ಲಿ 'ತಿಂಡಿ ಆಯ್ತಾ?' ಅಂತ ಕೇಳ್ತೀವಲ್ಲ, ಹಾಗೆ. 'ಯಾ, ಯೂ?' ಅಂದು ಮುಂದೆ ನಡೆಯಿರಿ. ಯಾರ್ಕ್‌ಷೈರಿನ ಹಿರಿಯರು 'ನೌ ದೆನ್' ಅಂದರೆ ಅದೂ ನಮಸ್ಕಾರವೇ. ಗುರುತಿಲ್ಲದವರು 'ಲವ್' ಅಂತ ಕರೆದರೆ ಗಾಬರಿ ಬೇಡ. ಅಜ್ಜಂದಿರು, ಅಂಗಡಿಯವರು, ಬಸ್ ಡ್ರೈವರ್, ಎಲ್ಲರೂ ಹಾಗೇ ಕರೆಯುತ್ತಾರೆ. ಆದರೆ ನೀವು ರೋಗಿಗಳನ್ನು ಹಾಗೆ ಕರೆಯಬೇಡಿ. ಯಾವ ಹೆಸರಲ್ಲಿ ಕರೆಯಲಿ ಅಂತ ಕೇಳಿ, ಬೋರ್ಡಿನ ಮೇಲೆ ಬರೆದುಬಿಡಿ. ಇನ್ನೊಂದು ವಿಷಯ: ನಮ್ಮೂರಲ್ಲಿ ನರ್ಸ್ ಅಂದರೆಲ್ಲ 'ಸಿಸ್ಟರ್'. ಇಲ್ಲಿ ಸಿಸ್ಟರ್ ಅನ್ನುವುದು ಒಂದು ಹುದ್ದೆ, ವಾರ್ಡಿನ ಜವಾಬ್ದಾರಿ ಹೊತ್ತವರು. ಸಿಕ್ಕಸಿಕ್ಕವರನ್ನು ಹಾಗೆ ಕರೆಯುವಂತಿಲ್ಲ.

ಇದೇ 'ಯೂ ಆಲ್ರೈಟ್?' ರೋಗಿಯ ಹಾಸಿಗೆ ಪಕ್ಕ ಕೆಲಸಕ್ಕೆ ಬರುವುದಿಲ್ಲ. ಕೇಳಿದರೆ 'ನಾಟ್ ಟೂ ಬ್ಯಾಡ್' ಅನ್ನುತ್ತಾರೆ. ಅದು ಮರ್ಯಾದೆಯ ಉತ್ತರ, ತಪಾಸಣೆಗೆ ಬೇಕಾದ ಉತ್ತರ ಅಲ್ಲ.

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಎಂಬತ್ತು ದಾಟಿದ ಅಜ್ಜ ಅಂತ ಇಟ್ಟುಕೊಳ್ಳಿ. ನೋವು ಇದೆಯಾ ಅಂತ ಕೇಳುತ್ತೀರಿ. 'ಎ ಬಿಟ್ ಸೋರ್, ಲವ್. ಐ ಡೋಂಟ್ ವಾಂಟ್ ಟು ಬಿ ಎ ಬಾದರ್' ಅನ್ನುತ್ತಾರೆ. ಸ್ವಲ್ಪ ನೋವಂತೆ, ಬೇರೆಯವರನ್ನು ನೋಡೋಣ ಅಂತ ಮುಂದಿನ ಹಾಸಿಗೆಗೆ ಹೋಗಬೇಡಿ. ಈ ಪೀಳಿಗೆಯವರು ನೋವನ್ನು 'ಎ ಬಿಟ್' ಒಳಗೆ ಮುಚ್ಚಿಡುತ್ತಾರೆ. ನಿಲ್ಲಿ, ಅವರ ಕೈ ನೋಡಿ. ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಾರಾ? ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳಿ. ಮಲಗಿದ್ದಾಗ ಎಷ್ಟು, ಕಾಲು ಅಲ್ಲಾಡಿಸಿದಾಗ ಎಷ್ಟು, ಎರಡೂ ಬೇರೆ ಬೇರೆ ಕೇಳಿ. ಮಲಗಿದ್ದಾಗ ಮೂರು ಅಂದವರು ಅಲ್ಲಾಡಿಸಿದಾಗ ಎಂಟು ಅನ್ನುವುದು ಇದ್ದದ್ದೇ. ಆ ಎಂಟನ್ನು ಬರೆದು, ನೋವಿನ ಔಷಧಿ ಕೊಟ್ಟ ಮೇಲೇ ಫಿಸಿಯೋದವರು ಅವರನ್ನು ಎಬ್ಬಿಸಿ ನಿಲ್ಲಿಸಲಿ. ನನಗೆ ಈ ಒಂದು ಮಾತು ಎಲ್ಲಕ್ಕಿಂತ ಮುಖ್ಯ. 'ಬಾದರ್' (ತೊಂದರೆ) ಅನ್ನುವ ಪದ ಕಿವಿಗೆ ಬಿದ್ದರೆ ಇನ್ನೊಂದು ಪ್ರಶ್ನೆ ಕೇಳಿಯೇ ಹೋಗಿ.

ಪಾಳಿ ಬದಲಾಗುವಾಗ ರೋಗಿಗಳ ವಿಷಯ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ 'ಪೂರ್ಲಿ' (ಹುಷಾರಿಲ್ಲ) ಅಂತ ಬರುತ್ತದೆ. ಮನೆಯಲ್ಲಿ ಮಕ್ಕಳಿಗೆ ನೆಗಡಿ ಆದರೂ ಪೂರ್ಲಿ ಅಂತಾರೆ. ಆದರೆ ವಾರ್ಡಿನಲ್ಲಿ 'ಶೀಸ್ ಕ್ವೈಟ್ ಪೂರ್ಲಿ' ಅಂತ ದನಿ ತಗ್ಗಿಸಿ ಹೇಳಿದರೆ, ಆ ರೋಗಿಯ ಸ್ಥಿತಿ ಗಂಭೀರ ಅಂತಲೇ ತಿಳಿಯಿರಿ. ಮೊದಲು ಆ ಹಾಸಿಗೆಗೆ ಹೋಗಿ. 'ಕ್ವೈಟ್' ವಿಚಿತ್ರ ಪದ. 'ಕ್ವೈಟ್ ಗುಡ್' ಅಂದರೆ ಇಲ್ಲಿಯವರ ಬಾಯಲ್ಲಿ ಸಾಮಾನ್ಯವಾಗಿ 'ಪರವಾಗಿಲ್ಲ' ಅಷ್ಟೇ. ಅಮೆರಿಕದವರು ಅಂದರೆ ಹೊಗಳಿಕೆ. 'ಕ್ವೈಟ್ ರೈಟ್' ಅಂದರೆ ಪೂರ್ತಿ ಸರಿ. ಇದಕ್ಕೆ ಒಂದೇ ನಿಯಮ ಹುಡುಕಬೇಡಿ, ಮುಂದಿನ ಪದದ ಜೊತೆ ಸೇರಿಸಿ ಕಲಿಯಿರಿ.

'ಜಸ್ಟ್' ಬಂದರೆ ಕೆಲಸ ಬಂತು. 'ಕುಡ್ ಯೂ ಜಸ್ಟ್ ಚೆಕ್ ಹಿಸ್ ಬಿಪಿ?' ಕೋರಿಕೆಯ ಹಾಗೆ ಕೇಳಿಸುತ್ತದೆ, ಆದರೆ ಈಗಲೇ ಮಾಡಬೇಕಾದ ಕೆಲಸ. 'ಡೂ ಯೂ ವಾಂಟ್ ಟು ಚೇಂಜ್ ದಟ್ ಡ್ರೆಸಿಂಗ್?' ಕೂಡ ಅಷ್ಟೇ. ನಿಮ್ಮ ಇಷ್ಟ ಏನು ಅಂತ ಯಾರೂ ಕೇಳುತ್ತಿಲ್ಲ. 'ವೆನ್ ಯೂ ಗೆಟ್ ಎ ಮಿನಿಟ್' ಅಂದರೆ ಮಾತ್ರ ಕೈಯಲ್ಲಿರುವುದನ್ನು ಮುಗಿಸಿ ಹೋಗಬಹುದು.

'ಸಾರಿ'ಯನ್ನು ದನಿಯಲ್ಲಿ ಗುರುತಿಸಿ. ಕೊನೆಗೆ ದನಿ ಏರಿದರೆ 'ಏನಂದ್ರಿ?' ಅಂತ. ಇಳಿದರೆ ಕ್ಷಮೆ. ಮಾತಿನ ಶುರುವಿಗೇ ಬಂದರೆ 'ಸ್ವಲ್ಪ ದಾರಿ ಬಿಡಿ' ಅಥವಾ 'ನಡುವೆ ಮಾತಾಡ್ತಿದ್ದೀನಿ' ಅಂತ. ನಾವು 'ಹಾಂ?' ಅನ್ನುತ್ತೇವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾಷಾವಿಜ್ಞಾನಿ ಮಾರ್ಕ್ ಡಿಂಗಮಾನ್ಸ ಮತ್ತು ಜೊತೆಗಾರರು, ಇಂಥದೇ ಒಂದು ಸದ್ದು ಜಗತ್ತಿನ ಬೇರೆ ಬೇರೆ ಕಡೆಯ ಭಾಷೆಗಳಲ್ಲಿ ಇದೆ ಅಂತ ತೋರಿಸಿದ್ದಾರೆ. ಹಾಗಾಗಿ ಅರ್ಥವಂತೂ ಆಗುತ್ತದೆ. ಆದರೂ ಕನ್ಸಲ್ಟೆಂಟ್ (ಹಿರಿಯ ಡಾಕ್ಟರ್) ಎದುರು ಅದು ಒರಟಾಗಿ ಕೇಳಿಸುತ್ತದೆ. ದನಿ ಏರಿಸಿ 'ಸಾರಿ?' ಅನ್ನಿ.

'ಅರ್', 'ಅಮ್' ಅನ್ನುವ ತಡವರಿಕೆಯನ್ನೂ ಕೇಳಿಸಿಕೊಳ್ಳಿ. ಮನಶ್ಶಾಸ್ತ್ರಜ್ಞರಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ ಬರೆದ ಪ್ರಬಂಧದ ಪ್ರಕಾರ 'ಅ' (ಇಲ್ಲಿಯವರ 'ಅರ್') ಅಂದ ಮೇಲೆ ಮುಂದಿನ ಮಾತು ಬರಲು ತಡ ಕಡಿಮೆ, 'ಅಮ್' ಅಂದ ಮೇಲೆ ಜಾಸ್ತಿ. ಮನೆಯಲ್ಲಿ ಮಾತ್ರೆ ತಗೊಳ್ತಿದ್ದೀರಾ ಅಂದಾಗ 'ಅಮ್... ವೆಲ್...' ಅಂತ ಶುರುವಾದರೆ, ನೇರವಾದ 'ಯೆಸ್' ಬರುವುದು ಕಷ್ಟ. ನೀವು ನಡುವೆ ಬಾಯಿ ಹಾಕಬೇಡಿ. ಸುಮ್ನಿದ್ದರೆ ಮಿಕ್ಕಿದ್ದು ಅವರೇ ಹೇಳುತ್ತಾರೆ.

ಇನ್ನು ನಮ್ಮ ಬಾಯಿಂದ ಬರುವ ಮಾತುಗಳು. ಎರಡರ ಬಗ್ಗೆ ಬಹಳ ಎಚ್ಚರ ಇರಲಿ.

ಮೊದಲನೆಯದು 'ಓನ್ಲಿ'. ಕನ್ನಡದಲ್ಲಿ 'ಬೆಳಿಗ್ಗೆಯೇ ಕೊಟ್ಟೆ' ಅನ್ನುತ್ತೇವೆ. ಆ 'ಏ'ಯನ್ನು ಇಂಗ್ಲಿಷಿಗೆ ಎಳೆದು 'ಐ ಗೇವ್ ಇನ್ ದ ಮಾರ್ನಿಂಗ್ ಓನ್ಲಿ' ಅನ್ನುತ್ತೇವೆ. ನಮ್ಮ ಅರ್ಥ: ತಡ ಮಾಡಿಲ್ಲ, ಬೆಳಿಗ್ಗೆಯೇ ಕೊಟ್ಟಾಗಿದೆ. ಕೇಳುವವರಿಗೆ ಆಗುವ ಅರ್ಥ: ಬೆಳಿಗ್ಗೆ ಮಾತ್ರ ಕೊಟ್ಟಿದ್ದಾರೆ, ಮಧ್ಯಾಹ್ನದ ಡೋಸ್ ಬಾಕಿ ಇದೆ. ಆಂಟಿಬಯೋಟಿಕ್ ವಿಷಯದಲ್ಲಿ ಈ ಗೊಂದಲ ಆಗಲೇಬಾರದು. ಔಷಧಿಯ ಮಾತಿನಲ್ಲಿ 'ಓನ್ಲಿ' ಬಿಡಿ. 'ಗಿವನ್ ಅಟ್ ಏಟ್, ನೆಕ್ಸ್ಟ್ ಡ್ಯೂ ಅಟ್ ಟೂ' ಅಂತ ಗಂಟೆ ಹೇಳಿ, ಚಾರ್ಟ್ ತೋರಿಸಿ.

ಎರಡನೆಯದು 'ಯೆಸ್'. ರೋಗಿಯ ಬಗ್ಗೆ 'ನೋ ಅಲರ್ಜೀಸ್?' ಅಂತ ಕೇಳಿದರೆ ನಾವು 'ಹೌದು, ಇಲ್ಲ' ಅನ್ನುವ ಲೆಕ್ಕದಲ್ಲಿ 'ಯೆಸ್' ಅಂದುಬಿಡುತ್ತೇವೆ. ಕೇಳಿದವರಿಗೆ ಅದು 'ಅಲರ್ಜಿ ಇದೆ' ಅಂತ ಕೇಳಿಸಬಹುದು. ಜೊತೆಗೆ ತಲೆ ಅಲ್ಲಾಡಿಸುವ ನಮ್ಮ ರೀತಿ ಬೇರೆ. 'ಇಲ್ಲ ತಾನೇ?' ಅಂತ ಕೇಳಿದ ಪ್ರಶ್ನೆಗೆ ಒಂದು ಪದದಲ್ಲಿ ಉತ್ತರ ಕೊಡಲೇಬೇಡಿ. 'ಶೀ ಹ್ಯಾಸ್ ನೋ ಅಲರ್ಜೀಸ್' ಅಂತ ಪೂರ್ತಿ ವಾಕ್ಯ ಹೇಳಿ. ಇದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಯಾರ್ಕ್‌ಷೈರಿಗೆ ಬರುವವರಿಗೆ ಇನ್ನೊಂದು. ಇಲ್ಲಿಯ ಹಳಬರು 'ವೈಲ್' ಅನ್ನುವುದನ್ನು 'ತನಕ' ಅನ್ನುವ ಅರ್ಥದಲ್ಲಿ ಬಳಸುತ್ತಾರೆ. 'ನೈನ್ ವೈಲ್ ಫೈವ್' ಅಂದರೆ ಒಂಬತ್ತರಿಂದ ಐದರ ತನಕ. ಊಟದ ಹೆಸರೂ ಹಾಗೇ: ಮಧ್ಯಾಹ್ನದ್ದು 'ಡಿನ್ನರ್', ಸಂಜೆಯದ್ದು 'ಟೀ'. ಮಾತ್ರೆಯನ್ನು 'ವಿತ್ ಮೈ ಟೀ' ತಗೊಳ್ತೀನಿ ಅಂದರೆ ಒಂದು ಲೋಟ ಚಹಾ ಅಂತ ಬರೆದುಕೊಳ್ಳಬೇಡಿ. ಎಷ್ಟು ಗಂಟೆಗೆ ಅಂತ ಕೇಳಿ ಬರೆಯಿರಿ.