ಇಂಜಿನ್ ಗಡಗಡ ಅಂದ್ರ ಕಾರ್ಬ್ ಹೀಟ್ ವಾಪಸ್ ಒತ್ತಬ್ಯಾಡ್ರಿ

ಕೊಪ್ಪಳದಾಗ ಮೇ ತಿಂಗಳ ಬಿಸಿಲಿಗೆ ಕುಂತು ಇಂಜಿನ್ ಒಳಗ ಐಸ್ ಕಟ್ತೈತಿ ಅಂದ್ರ ಹುಡುಗ್ರು ನಗ್ತಾರ. ಪೈಲಟ್ ಆಗೋಕ ಡಿಜಿಸಿಎ, ಅಂದ್ರ ವಿಮಾನಯಾನ ಇಲಾಖೆ, ಪೇಪರ್‌ಗೆ ಓದೋರಿಗೆ ನಾ ಪಾಠ ಹೇಳ್ತೀನಿ, ಸಿಮ್ಯುಲೇಟರ್‌ನಾಗ ಫ್ಲೋಟ್‌ಪ್ಲೇನ್ ಕೊಟ್ರ, ಅಂದ್ರ ಗಾಲಿ ಬದ್ಲಿ ನೀರಾಗ ತೇಲೋ ಡಬ್ಬಿ ಇರೋ ಸಣ್ಣ ವಿಮಾನ, ಎಲ್ಲಾರೂ ಕಾರ್ಬ್ ಹೀಟ್ ಹತ್ರನ, ಅಂದ್ರ ಎಳದ್ರ ಕಾರ್ಬೊರೇಟರ್‌ಗೆ ಬಿಸಿ ಗಾಳಿ ಬಿಡೋ ನಾಬ್ ಹತ್ರನ, ಮುಗ್ಗರಿಸ್ತಾರ.

ಮನಿ ಗಡಿಗಿ ನೋಡ್ರಿ, ಹೊರಗ ಜಿನುಗಿದ ನೀರು ಆರಿದಂಗೆಲ್ಲ ಒಳಗಿನ ನೀರು ತಣ್ಣಗಾಗ್ತೈತಿ. ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್‌ನಾಗ ಪೆಟ್ರೋಲ್ ಆವಿ ಆಗೋದೂ ಹಂಗ, ಇರುಕಿನಾಗ ಗಾಳಿ ಜೋರಾಗಿ ನುಗ್ಗಿ ಒತ್ತಡ ಬ್ಯಾರೆ ಇಳೀತೈತಿ, ಎರಡೂ ಕೂಡಿ 20 ಡಿಗ್ರಿಗಿಂತ ಹೆಚ್ಚು ತಂಪಾಗಬಹುದು. ಗಾಳ್ಯಾಗಿನ ಪಸೆ ಥ್ರಾಟಲ್, ಅಂದ್ರ ಗಾಳಿ ಹೆಚ್ಚು ಕಡಿಮಿ ಮಾಡೋ ಬಾಗಿಲು, ಹತ್ರ ಐಸ್ ಆಗಿ ಕುಂತು ಇಂಜಿನ್‌ಗೆ ಉಸುರು ಕಟ್ಟಿಸ್ತೈತಿ. ನಮ್ಮ ಒಣ ಬಿಸಿಲಾಗ ಭಯ ಕಡಿಮಿ. ಶ್ರಾವಣದಾಗ ಮುನಿರಾಬಾದ್ ಡ್ಯಾಮ್ ಹಿನ್ನೀರಿನ ಕಡಿ ಅಂಗಿ ಮೈಗೆ ಅಂಟ್ತೈತಲ್ಲ, ಅಂಥ ಹವಾ ಇದ್ರ 24 ಡಿಗ್ರಿಯಾಗೂ ಹುಷಾರಿರಬೇಕು.

ಗುರ್ತು ಹಿಡಿಯೋದು ಸುಲಭ: ಫಿಕ್ಸೆಡ್ ಪಿಚ್, ಅಂದ್ರ ಎಲಿ ಕೋನ ಬದ್ಲಾಗದ ಪ್ರೊಪೆಲರ್ ಇದ್ರ ನೀವು ಥ್ರಾಟಲ್ ಮುಟ್ಟದಿದ್ರೂ ಆರ್‌ಪಿಎಂ, ಅಂದ್ರ ಇಂಜಿನ್ ನಿಮಿಷಕ್ಕ ಸುತ್ತೋ ಲೆಕ್ಕ, ಇಳೀತೈತಿ. ಥ್ರಾಟಲ್ ಇನ್ನಷ್ಟು ಕೊಟ್ಟು ಸುಮ್ನಾಗಬ್ಯಾಡ್ರಿ.

ಕಾರ್ಬ್ ಹೀಟ್ ಪೂರ್ತಿ ಎಳೀರಿ. ಅರ್ಧ ಎಳಿಯೋದು ನನಗ ಆಗಂಗಿಲ್ಲ, ಕಾರ್ಬೊರೇಟರ್ ಟೆಂಪರೇಚರ್ ಮೀಟರ್ ಇಲ್ದ ಅರ್ಧ ಎಳದ್ರ ಕೆಲವು ಸಲ ಐಸ್ ಕಟ್ಟೋ ಹದಕ್ಕ ನೀವ ತಂದು ನಿಲ್ಲಿಸ್ತೀರಿ. ಎಳದ ಕೂಡ್ಲೆ ಆರ್‌ಪಿಎಂ ಇನ್ನೂ ಇಳೀತೈತಿ, ಆಮ್ಯಾಲ ಕರಗಿದ ನೀರು ಇಂಜಿನ್ ಒಳಗ ಹೋಗಿ ಗಡಗಡ, ಕೆಮ್ಮು, ನಡುಕ ಎಲ್ಲಾ ಶುರು. ಇಲ್ಲೇ ನೋಡ್ರಿ ಹುಡುಗ್ರ ಕೈ ನಡುಗೋದು, "ಸರ್ ಇನ್ನೂ ಕೆಟ್ಟು ಹೋತು" ಅಂತ ನಾಬ್ ವಾಪಸ್ ಒತ್ತಿಬಿಡ್ತಾರ, ಉಳಿದ ಐಸ್ ಅಲ್ಲೇ, ಮತ್ತ ಕಟ್ಟೋಕ ಶುರು. ಒತ್ತಬ್ಯಾಡ್ರಿ, ಹಿಡ್ಕೊಂಡು ಕುಂದ್ರಿ. ಅರ್ಧ ನಿಮಿಷದಿಂದ ಕೆಲವು ನಿಮಿಷ ಬೇಕಾಗ್ತೈತಿ, ಆಮ್ಯಾಲ ಆರ್‌ಪಿಎಂ ತಾನ ಏರ್ತೈತಿ. ತಡಾ ಮಾಡಿದ್ರೂ ಕಷ್ಟ, ಯಾಕಂದ್ರ ಈ ಬಿಸಿ ಬರೋದು ಸೈಲೆನ್ಸರ್ ಪೈಪ್ ಸುತ್ತಲಿಂದ, ಇಂಜಿನ್ ನಿಂತ ಮ್ಯಾಲ ಬಿಸಿ ಎಲ್ಲಿಂದ ಬರಬೇಕು?

ಟ್ಯಾಂಕಿಗೆ ಐಸ್ ತಡಿಯೋ ಅಡಿಟಿವ್ ಬಾಟ್ಲಿ ಸುರಿದ್ರ ಸಾಕಲ್ಲಾ ಸರ್ ಅಂತ ಒಬ್ಬ ಕೇಳಿದ. ಹೀಟ್ ಎಳಿಯೋಕ ಅದು ಬದ್ಲಿ ಅಲ್ಲಪ್ಪಾ. ಇನ್ನ 1996ರಾಗ ಬಂದ ಸೆಸ್ನಾ 172 ಆರ್ ಇಂಜೆಕ್ಷನ್ ಇಂಜಿನ್‌ದು, ಅದರಾಗ ಕಾರ್ಬೊರೇಟರೇ ಇಲ್ಲ, ಹಂಗಾಗಿ ಕಾರ್ಬ್ ಹೀಟ್ ಮಾತೂ ಇಲ್ಲ.

ಇಳಿಯೋ ಮುಂದ ಥ್ರಾಟಲ್ ಕಡಿಮಿ ಮಾಡೋಕಿಂತ ಮೊದ್ಲು ಹೀಟ್ ಎಳೀರಿ. ನೀರಿನ ಮ್ಯಾಲ ಬಹಳ ಹೊತ್ತು ಐಡಲ್‌ನಾಗ ತೇಲಿದ್ರ ಟೇಕಾಫ್‌ಗೆ ಮುಂಚೆ ಒಂದು ಸಲ ಎಳದು ನೋಡ್ರಿ, ಆದ್ರ ಬಳ್ಳಾರಿ ಕಡಿ ಕೆಂಪು ಧೂಳಿನ ನೆಲದ ಮ್ಯಾಲ ಅದನ್ನ ಬಹಳ ಹೊತ್ತು ಮಾಡಬ್ಯಾಡ್ರಿ, ಆ ಬಿಸಿ ಗಾಳಿ ಫಿಲ್ಟರ್‌ನಾಗ ಸೋಸಿ ಬರಂಗಿಲ್ಲ. ಟೇಕಾಫ್ ಕೊಡೋ ಮುಂದ ನಾಬ್ ಒಳಗ ಹೋಗೈತೇನು ಕೈಯಿಂದ ಮುಟ್ಟಿ ನೋಡ್ರಿ, ಬಿಸಿ ಗಾಳ್ಯಾಗ ಪೂರ್ತಿ ಪವರ್ ಸಿಗಂಗಿಲ್ಲ.