ಮಗಳು ಕುಸ್ತಿಗೆ ಇಳಿದರೆ ತೂಕದ ಲೆಕ್ಕ ಹೀಗಿರಲಿ

ನಮ್ಮ ಹಾಸನದ ಕಡೆ ಕುಸ್ತಿ ಅಂದರೆ ಗರಡಿ ಮನೆ, ಕೆಮ್ಮಣ್ಣು, ಜಾತ್ರೆ. ಚಿತ್ ಮಾಡಿದರೆ ಗೆದ್ದಂಗೆ. ಆದರೆ ಮಗಳು ಫ್ರೀಸ್ಟೈಲ್‌ನಲ್ಲಿ, ಅಂದರೆ ಮ್ಯಾಟ್ ಮೇಲಿನ ಒಲಿಂಪಿಕ್ಸ್ ಕುಸ್ತಿಯಲ್ಲಿ, ದೇಶದ ಪರ ಆಡಬೇಕು ಅಂತ ಆಸೆ ಇದ್ದರೆ, ಮ್ಯಾಟ್ ಹತ್ತುವ ಮೊದಲು ತೂಕದ ಮೆಷಿನ್ ಹತ್ತಬೇಕು. ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಇರುವುದು ಆರೇ ವಿಭಾಗ: 50, 53, 57, 62, 68, 76 ಕೆಜಿ.

ವಿನೇಶ್ ಫೋಗಟ್ ಅವರನ್ನೇ ನೋಡಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 48 ಕೆಜಿ, 2018ರ ಏಷ್ಯನ್ ಗೇಮ್ಸ್‌ನಲ್ಲಿ 50 ಕೆಜಿಯ ಚಿನ್ನ, ಆಮೇಲೆ 53ಕ್ಕೆ ಹೋಗಿ 2019 ಮತ್ತು 2022ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಕಂಚು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ 53ರ ಜಾಗ ನಮ್ಮ ದೇಶದವರೇ ಆದ ಅಂತಿಮ್ ಪಂಘಲ್ ಪಾಲಾಗಿತ್ತು, ಹಾಗಾಗಿ ಮತ್ತೆ 50ಕ್ಕೆ ಇಳಿದರು. ಮೊದಲ ದಿನ, ಹಿಂದಿನ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಜಪಾನಿನ ಸುಸಾಕಿಯನ್ನೇ ಸೋಲಿಸಿ ಫೈನಲ್ ಮುಟ್ಟಿದರು. ಮರುದಿನ ಬೆಳಗ್ಗೆ 100 ಗ್ರಾಂ ಜಾಸ್ತಿ ಬಂತು, ಅಷ್ಟೇ, ಅನರ್ಹ. ಎರಡು ದಿನವೂ ತೂಕ ನೋಡುತ್ತಾರೆ ಅನ್ನುವುದು ಅವತ್ತು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಾಯಿತು.

ಹಾಗಾಗಿ ಮನೆಯಲ್ಲೇ ಶುರು ಮಾಡಿ. ದಿನಾ ಬೆಳಗ್ಗೆ ಎದ್ದು, ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಒಂದೇ ಮೆಷಿನ್ ಮೇಲೆ ತೂಕ ನೋಡಿ ನೋಟ್‌ಬುಕ್ಕಲ್ಲಿ ಬರೆದಿಡಿ. ಮುಟ್ಟಿನ ದಿನ ಹತ್ತಿರ ಬಂದಾಗ ಸ್ವಲ್ಪ ಏರಬಹುದು, ಅದಕ್ಕೆ ಮಗುವನ್ನು ಬೈಯಬೇಡಿ. ಮುಟ್ಟು ನಿಂತೇ ಹೋದರೆ ಮಾತ್ರ ಸುಮ್ನೆ ಕೂರಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇನ್ನು ಬೆಳೆಯುವ ಹುಡುಗಿಯ ತೂಕ ಇಳಿಸಲೇಬೇಡಿ. ಇದನ್ನು ನಾನು ಹೊಟ್ಟೆ ಉರಿದು ಹೇಳುತ್ತಿದ್ದೇನೆ. ನಮ್ಮ ಅಕ್ಕನ ಮಗಳು 50 ಕೆಜಿ ಇದ್ದಳು, ಕಿರಿಯರ 49 ಕೆಜಿ ವಿಭಾಗದಲ್ಲಿ ಆಡಿಸಬೇಕು ಅಂತ ಒಬ್ಬರು ತರಬೇತುದಾರರು ಎರಡು ದಿನ ನೀರು ಬಿಡಿಸಿ, ಜರ್ಕಿನ್ ಹಾಕಿಸಿ ಓಡಿಸಿದರು. ತೂಕ ಬಂತು. ಆದರೆ ಎರಡನೇ ಸುತ್ತಿನಲ್ಲಿ ಕಾಲಲ್ಲಿ ಶಕ್ತಿಯೇ ಇರಲಿಲ್ಲ, ಎದುರಾಳಿ ಕಾಲಿಗೆ ಕೈ ಹಾಕಿದರೆ ಬಿಡಿಸಿಕೊಳ್ಳಲೂ ಆಗಲಿಲ್ಲ, ಪಾಪ. ದೊಡ್ಡವರ ಪಂದ್ಯದಲ್ಲಿ ಮ್ಯಾಟ್ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಬರೀ 30 ಸೆಕೆಂಡ್ ಬಿಡುವು. ಕೊನೆಯ ನಿಮಿಷಕ್ಕೆ ಕಸುವು ಉಳಿಯಬೇಕು ಅಲ್ವಾ? ರಿಯೊದಲ್ಲಿ ಸಾಕ್ಷಿ ಮಲಿಕ್ 0-5 ಹಿಂದಿದ್ದವರು 8-5ಕ್ಕೆ ಗೆದ್ದು ಕಂಚು ತಂದಿದ್ದು ಹಾಗೆ. ಮೇಲಿನ ವಿಭಾಗದಲ್ಲಿ ಒಂದೆರಡು ಸಲ ಸೋತರೂ ಸೋಲಲಿ.

ಮನೆ ಊಟ ಸಾಕು. ಮುದ್ದೆ, ಹುರುಳಿಕಾಳು ಸಾರು, ಮೊಟ್ಟೆ, ಹಾಲು. ಪಂದ್ಯದ ದಿನ ಮಾತ್ರ ಮುದ್ದೆ ಬೇಡ, ಹೊಟ್ಟೆ ಭಾರ ಆಗುತ್ತದೆ. ತೂಕ ಮುಗಿದ ತಕ್ಷಣ ಬಾಳೆಹಣ್ಣು, ಆಮೇಲೆ ಸ್ವಲ್ಪ ಮೊಸರನ್ನ. ಉಪ್ಪು ಹಾಕಿದ ಮಜ್ಜಿಗೆ ಬಾಟಲಿ ನಿಮ್ಮ ಚೀಲದಲ್ಲೇ ಇರಲಿ, ಬಿಡುವಾದಾಗ ಗುಟುಕು ಗುಟುಕಾಗಿ ಕುಡಿಸಿ.